ಸಾಲಿನ ಹನ್ನೊಂದನೇ ಮನೆ

ಬೇಲಿಕಾವಲಿನ ಕೆಲಸ ನನಗೆ ಬೇಕು ಎಂದು ನಮ್ಮ ಥ್ರಪ್‌ವಿಕ್‌ನಲ್ಲಿ ಅದುವರೆಗೆ ಒಬ್ಬರೂ ಬಾಯಿಬಿಟ್ಟು ಕೇಳಿದ್ದಿಲ್ಲ. ಕೇಳುವುದಕ್ಕೆ ಅದರಲ್ಲಿ ಏನಿತ್ತು ಹೇಳಿ? ವರ್ಷವಿಡೀ ಕೊರಳಿಗೆ ಕೊಂಬು ನೇತುಹಾಕಿಕೊಂಡು ಹೊಲ, ಹುಲ್ಲುಗಾವಲು, ಗೋಮಾಳ ಸುತ್ತಬೇಕು. ಕಂಡವರ ಪೈರಿಗೆ ಬಾಯಿ ಹಾಕಿದ ದನವನ್ನು ಹೊಡೆದುಕೊಂಡು ಹೋಗಿ ದೊಡ್ಡಿಯಲ್ಲಿ ಕೂಡಬೇಕು. ಕೂಡಿದ್ದಕ್ಕೆ ದನದ ಯಜಮಾನ ಬೈಯುತ್ತಾನೆ, ಕೂಡದಿದ್ದರೆ ಪೈರಿನ ಯಜಮಾನ ಬೈಯುತ್ತಾನೆ. ಸಂಬಳವಿಲ್ಲ, ಒಂದು ಒಳ್ಳೆಯ ಮಾತೂ ಇಲ್ಲ. ಸರದಿ ಹತ್ತಿರ ಬಂತೆಂದರೆ ಗಟ್ಟಿಮುಟ್ಟಾದ ಗಂಡಸರಿಗೆಲ್ಲ ಇದ್ದಕ್ಕಿದ್ದಂತೆ ಮಂಡಿನೋವು ಶುರುವಾಗುತ್ತಿತ್ತು. ಹಂಫ್ರಿ ಡಾಬ್ ತನ್ನ ಸರದಿಯ ವರ್ಷ ಬಲಗಣ್ಣು ಕಾಣುವುದೇ ಇಲ್ಲ ಎಂದು ಕೋರ್ಟಿನಲ್ಲಿ ಗೋಳಾಡಿ, ಹೊರಗೆ ಬಂದು ಅದೇ ಕಣ್ಣನ್ನು ಗೆಳೆಯರಿಗೆ ಮಿಟುಕಿಸಿ ಸಿಕ್ಕಿಬಿದ್ದಿದ್ದ.

ಅಂಥ ಕೆಲಸಕ್ಕಾಗಿ, ಜೇಮ್ಸ್ ದೊರೆ ಪಟ್ಟಕ್ಕೆ ಬಂದ ಒಂಬತ್ತನೇ ವರ್ಷ, ಪೆಂಟೆಕೋಸ್ಟ್ ಹಬ್ಬದ ಮಾರನೆಯ ದಿನ ಚರ್ಚಿನ ಪಕ್ಕದ ಚಾವಡಿಯಲ್ಲಿ ಊರ ಕೋರ್ಟು ಸೇರಿದ್ದಾಗ, ವಿಧವೆ ಥಾಮಸಿನ್ ಬ್ಲಿಕ್ ಎದ್ದು ನಿಂತು, "ಈ ವರ್ಷದ ಕಾವಲು ನಂದು" ಎಂದಳು. ಇಡೀ ಕೋರ್ಟು ಅವಳ ಕಡೆ ತಿರುಗಿತು. ಹಂಫ್ರಿ ಅಜ್ಜ ಎರಡೂ ಕಣ್ಣು ಬಿಟ್ಟುಕೊಂಡು ನೋಡಿದ.

ಅವಳಿಗೇನೂ ಹುಚ್ಚು ಹಿಡಿದಿರಲಿಲ್ಲ. ಬೇಲಿಕಾವಲು ನಮ್ಮಲ್ಲಿ ಮನೆಸಾಲಿನ ಮೇಲೆ ನಡೆಯುವಂಥದು. ಗಿರಣಿಯಿಂದ ಚರ್ಚಿನವರೆಗೆ ಇಪ್ಪತ್ತನಾಲ್ಕು ಹಳೆಯ ಮನೆಗಳು, ವರ್ಷಕ್ಕೊಂದು ಮನೆಯ ಸರದಿ. ಸರದಿ ಮಾಡಿದ ಮನೆಗೆ ಲಾಂಗ್‌ಮೂರ್ ಗೋಮಾಳದಲ್ಲಿ ಮೇಯಿಸುವ ಹಕ್ಕು. ಸರದಿ ತಪ್ಪಿಸಿದ ಮನೆ ಸಾಲಿನಿಂದ ಹೊರಗೆ, ಅದರ ದನ ಗೋಮಾಳದಿಂದ ಹೊರಗೆ. ಥಾಮಸಿನ್‌ಳದು ಹನ್ನೊಂದನೇ ಮನೆ. ಗಂಡ ರೇಫ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವನು ಬಿಟ್ಟುಹೋದದ್ದು ಹುಲ್ಲು ಹೊದಿಸಿದ ಒಂದು ಮನೆ, ಹಿತ್ತಲಲ್ಲಿ ಎರಡು ಸೇಬಿನ ಮರ, ಮತ್ತು ಡ್ಯಾಮ್ಸನ್ ಎಂಬ ಕಪ್ಪುಗೆಂಪು ಹಸು. ಆ ಹಸುವಿನ ಬೆಣ್ಣೆ ಚೀಸುಗಳ ಮೇಲೆ ಅವಳ ಜೀವನ ನಡೆಯುತ್ತಿತ್ತು. ಗೋಮಾಳ ತಪ್ಪಿದರೆ ಹಸು ಮಾರಬೇಕು. ಹಸು ಮಾರಿದರೆ ಚರ್ಚಿನವರು ಬಡವರಿಗೆ ಹಂಚುವ ರೊಟ್ಟಿಗೆ ಕೈಯೊಡ್ಡಬೇಕು. ಕೈಯೊಡ್ಡುವ ಹೆಂಗಸಲ್ಲ ಅವಳು.

ಇದೆಲ್ಲ ಗೊತ್ತಿದ್ದೇ ಆಂಬ್ರೋಸ್ ಸ್ಟ್ರಗ್ನೆಲ್ ಎದ್ದ. ನಮ್ಮೂರಿನ ದೊಡ್ಡ ಕುಳ ಅವನು. ಅಪ್ಪ ಸಗಣಿ ಹೊತ್ತವನಾದರೂ ಮಗ ಎರಡು ವರ್ಷದಿಂದ ಕೊರಳ ಸುತ್ತ ದೊಡ್ಡ ಮನುಷ್ಯರ ನೆರಿಗೆ ಪಟ್ಟಿ ಕಟ್ಟಿಕೊಂಡು ಓಡಾಡುತ್ತಿದ್ದ. ಲಾಂಗ್‌ಮೂರ್‌ಗೆ ಸುತ್ತ ಬೇಲಿ ಹಾಕಿ ನುಂಗಿಬಿಡಬೇಕೆನ್ನುವುದು ಅವನ ಆಸೆ. ಸಾಲಿನಲ್ಲಿ ಮನೆಗಳು ಎಷ್ಟು ಕಡಿಮೆಯಾದರೆ ಬೇಡ ಎನ್ನುವ ಬಾಯಿಗಳೂ ಅಷ್ಟು ಕಡಿಮೆ. ಅದಕ್ಕೆ ಅವನು ಕಂಡುಕೊಂಡ ದಾರಿ ಕನಿಕರ. ಮುದುಕರ, ರೋಗಿಷ್ಟರ, ವಿಧವೆಯರ ಸರದಿ ಬಂದಾಗ, ಪಾಪ, ನಾನು ಮಾಡುತ್ತೇನೆ ಬಿಡಿ ಎನ್ನುವನು. ಮಾಡುವನು. ಮರುವರ್ಷ ಆ ಮನೆಯ ಹೆಸರಿನ ಮುಂದೆ ಸರದಿ ತಪ್ಪಿದೆ ಎಂದು ಬರೆಸುವನು. ಹೀಗೆ ಮೂರು ಮನೆ ಆಗಿಹೋಗಿದ್ದವು.

"ಬ್ಲಿಕ್ಕಮ್ಮನಿಗೆ ಯಾಕೆ ಸ್ವಾಮಿ ಈ ತೊಂದ್ರೆ?" ಎಂದ ಸ್ಟ್ರಗ್ನೆಲ್, ಪಾರುಪತ್ಯಗಾರರ ಕಡೆ ತಿರುಗಿ. "ಒಂಟಿ ಹೆಂಗಸು. ಮಳೇಲಿ ಕೆಸರಲ್ಲಿ ಅಲೆದು ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಅವಳ ಬದ್ಲಿಗೆ ನಾನೇ ಮಾಡ್ತೀನಿ."

"ನಿಮ್ಮ ಕನಿಕರ ನಿಮ್ಮ ಹತ್ರಾನೇ ಇರ್ಲಿ ಯಜಮಾನ್ರೇ," ಎಂದಳು ಥಾಮಸಿನ್. "ಹೋದ ವರ್ಷ ನೀವು ಕನಿಕರ ತೋರ್ಸಿದ ಮನೆಯೋರ ಕುರಿ ಈಗ ಎಲ್ಲಿ ಮೇಯ್ತಾವೆ, ಸ್ವಲ್ಪ ಹೇಳಿ ನೋಡೋಣ."

ಯಾರೋ ಕಿಸಕ್ಕೆಂದರು. ಸ್ಟ್ರಗ್ನೆಲ್ ಕನಿಕರವನ್ನು ಮಡಿಸಿಟ್ಟು ಕಾನೂನು ಬಿಚ್ಚಿದ. "ಹೆಂಗಸಿನ ಮಾತು ಕಾನೂನಲ್ಲಿ ಮಾತೇ ಅಲ್ಲ ಸ್ವಾಮಿ. ಅವಳು ಕೇಳಿದ್ದು ಕೇಳಿದ ಹಾಗಲ್ಲ, ಹೇಳಿದ್ದು ಹೇಳಿದ ಹಾಗಲ್ಲ. ಅಂಥವಳಿಗೆ ಅಧಿಕಾರ ಎಲ್ಲಿಂದ ಬರುತ್ತೆ?"

"ಸರದಿ ನಂದಲ್ಲ, ಮನೇದು," ಎಂದಳು ಥಾಮಸಿನ್. "ಮನೆ ಯಾವತ್ತು ಷರಾಯಿ ಹಾಕ್ಕೊಂಡಿತ್ತು?"

ಚಾವಡಿ ಗೊಳ್ಳೆಂದಿತು. ಪಾರುಪತ್ಯಗಾರ ಫುಲ್ಜೇಮ್ಸ್ ನಗಲಿಲ್ಲ. ಜಮೀನ್ದಾರರ ಪರವಾಗಿ ಮೂವತ್ತು ವರ್ಷದಿಂದ ಈ ಕೋರ್ಟು ನಡೆಸುತ್ತಿದ್ದ ಮನುಷ್ಯ, ಕಾಲುಬೇನೆ ಬೇರೆ. ಇವತ್ತು ತೀರ್ಮಾನಿಸಬೇಕಾದ್ದನ್ನು ಮೂರು ವಾರಕ್ಕೆ ತಳ್ಳುವುದೇ ನ್ಯಾಯ ಎಂದು ಅವನು ನಂಬಿದ್ದ.

"ಕೇಳಿ," ಎಂದ. "ಅಧಿಕಾರ ಅನ್ನೋದು ನಾನು ಬರೆದ ಮಾತ್ರಕ್ಕೆ ಬರಲ್ಲ, ಊರು ಒಪ್ಪಬೇಕು. ಕೊಂಬು ಇವಳ ಹತ್ರ ಇರ್ಲಿ. ಮುಂದಿನ ಕೋರ್ಟಿಗೆ ಮೂರು ವಾರ ಇದೆ. ಅಷ್ಟರಲ್ಲಿ ಈ ಊರಿನ ಒಬ್ಬನೇ ಒಬ್ಬ ಇವಳನ್ನ ಕಾವಲುಗಾರ್ತಿ ಅಂತ ಬಾಯಿಬಿಟ್ಟು ಒಪ್ಪಿದ್ರೆ ಸಾಕು, ಹನ್ನೊಂದನೇ ಮನೆ ಸರದಿ ಮಾಡ್ತು ಅಂತ ಬರೀತೀನಿ. ಯಾರೂ ಒಪ್ಪದೇ ಇದ್ರೆ, ಸರದಿ ತಪ್ಪಿತು ಅಂತ ಬರೀತೀನಿ."

ಒಪ್ಪುವುದು ಹೇಗೆ ಎನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಕೂಡಿಹಾಕಿದ ದನ ಬೇಕಾದವನು ದೊಡ್ಡಿಯ ಬಾಗಿಲ ಹೊರಗೆ ನಿಂತು, ಕಾವಲಿನವರೇ ನನ್ನ ದನ ಕೊಡಿ ಎಂದು ಕೇಳಬೇಕು. ಒಳಗೆ ನಿಂತ ಕಾವಲಿನವರು, ಯಾವ ಮನೆ ಎಂದು ಕೇಳಬೇಕು. ಅವನು ಮನೆ ಹೇಳಬೇಕು. ಅಕ್ಕಪಕ್ಕದ ಇಬ್ಬರು, ಕೇಳಿಸ್ತು ಎನ್ನಬೇಕು. ಆಮೇಲೇ ಅಗುಳಿ ತೆಗೆಯುವುದು.

"ಕೇಳೋನು ಗಂಡಸಾಗಿರ್ಬೇಕು," ಎಂದ ಸ್ಟ್ರಗ್ನೆಲ್ ತಟ್ಟನೆ. "ಕೇಳಿಸ್ತು ಅನ್ನೋರೂ ಗಂಡಸರಾಗಿರ್ಬೇಕು."

"ಆಯ್ತಪ್ಪ, ಗಂಡಸರೇ," ಎಂದ ಫುಲ್ಜೇಮ್ಸ್. ಅವನ ಊಟದ ಹೊತ್ತಾಗಿತ್ತು.

ಕೊಂಬು ಊದುವುದು ನೋಡಲು ಸುಲಭ. ಥಾಮಸಿನ್ ಮೊದಲ ಎರಡು ದಿನ ಊದಿದ್ದಕ್ಕೆ ಅವಳ ಕೆನ್ನೆ ನೋಯಿತೇ ಹೊರತು ಸದ್ದು ಬರಲಿಲ್ಲ. ಮೂರನೇ ದಿನ ಬಂದ ಸದ್ದು ಬರದಿದ್ದರೇ ಚೆನ್ನಾಗಿತ್ತು. ಅವಳ ಗೆಳತಿ, ಪಕ್ಕದ ಮನೆಯಲ್ಲಿ ಬಿಯರ್ ಕಾಯಿಸಿ ಮಾರುವ ಪರ್ನೆಲ್, ಸೌಟು ಹಿಡಿದುಕೊಂಡೇ ಓಡಿಬಂದಳು.

"ಯಾರ ಕರುವೇ ಅದು, ಕಾಲು ಮುರ್ಕೊಂಡಿದ್ದು?"

"ನಾನು ಕಣೇ."

"ಅಯ್ಯೋ ದೇವರೇ. ತಾಯಿ ಬೇಕು ಅಂತ ಅರಚಿದ ಹಾಗಿತ್ತು. ಮತ್ತೆ ಊದು, ಕೇಳೋಣ."

ಮತ್ತೆ ಊದಿದಳು. ಮತ್ತೆ ಅದೇ. ಎಷ್ಟು ಊದಿದರೂ ತಾಯಿಯಿಂದ ಬಿಡಿಸಿದ ಕರು ಅಂಬಾ ಎಂದ ಹಾಗೆಯೇ ಕೇಳಿಸುತ್ತಿತ್ತು. ಊರಿನವರು ಎರಡು ದಿನ ನಕ್ಕರು, ಆಮೇಲೆ ಒಗ್ಗಿಕೊಂಡರು.

ಕಷ್ಟ ಕೊಂಬಿನದಲ್ಲ. ಕಷ್ಟ ಏನೆಂದರೆ ಕೂಡುವುದಕ್ಕೆ ಒಂದು ದನವೂ ಸಿಗಲಿಲ್ಲ. ಸ್ಟ್ರಗ್ನೆಲ್ ಮನೆ ಮನೆಗೆ ಹೋಗಿ ಮಾತಾಡಿ ಬಂದಿದ್ದ. ಒಬ್ಬನಿಗೆ ಅವನ ನೇಗಿಲು ಬೇಕು, ಇನ್ನೊಬ್ಬನ ಹೊಲ ಅವನದೇ ಗೇಣಿ. ಯಾರ ದನವಾದರೂ ಅವಳ ದೊಡ್ಡಿಗೆ ಹೋದೀತು, ಜೋಕೆ ಎಂದಿದ್ದ. ಅಷ್ಟೇ ಸಾಕಾಯಿತು. ಅಜ್ಜನ ಕಾಲದಿಂದ ಬಿದ್ದುಕೊಂಡಿದ್ದ ಬೇಲಿಗಳು ಒಂದು ವಾರದಲ್ಲಿ ಎದ್ದು ನಿಂತವು. ಮುರಿದ ಗೇಟುಗಳಿಗೆ ಹೊಸ ಕೀಲು ಬಂದವು. ವರ್ಷಕ್ಕೆ ಹತ್ತು ಸಲ ದೊಡ್ಡಿ ಕಾಣುತ್ತಿದ್ದ ಹಂಫ್ರಿ ಅಜ್ಜನ ಹಂದಿಯ ಕಾಲಿಗೇ ಹಗ್ಗ ಬಿತ್ತು. ಥ್ರಪ್‌ವಿಕ್‌ನ ದನಕರುಗಳು ಅಷ್ಟು ಮರ್ಯಾದಸ್ಥರಾಗಿ ಬಾಳಿದ್ದು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ದೊಡ್ಡಿಯೊಳಗೆ ತುಳಿಯುವವರಿಲ್ಲದೆ ಹುಲ್ಲು ಮೊಣಕಾಲುದ್ದ ಬೆಳೆಯಿತು.

ಥಾಮಸಿನ್ ಬೆಳಗಿನಿಂದ ಸಂಜೆವರೆಗೆ ಸುತ್ತಿದಳು. ಎಲ್ಲ ಬೇಲಿಯೂ ಭದ್ರ. ಇಷ್ಟು ಒಳ್ಳೆಯ ಕಾವಲುಗಾರ್ತಿಯನ್ನು ಊರು ಕಂಡೇ ಇರಲಿಲ್ಲ, ಆದರೆ ಹಾಗೆಂದು ಒಬ್ಬನೂ ಹೇಳುವಂತಿರಲಿಲ್ಲ.

"ನನ್ನ ಹೆಬ್ಬಾತು ತಗೊಂಡು ಹೋಗಿ ಕೂಡೇ," ಎಂದಳು ಪರ್ನೆಲ್. "ನಾನು ಬಂದು ಕೇಳ್ತೀನಿ."

"ನೀನು ಗಂಡಸಲ್ವಲ್ಲ."

"ಮೀಸೆ ಸ್ವಲ್ಪ ಇದೆ."

"ಅಷ್ಟು ಸಾಲಲ್ಲ ಕಣೇ." ಥಾಮಸಿನ್ ನಕ್ಕಳು. ಆದರೆ ಎರಡು ವಾರ ಕಳೆದುಹೋಗಿತ್ತು, ಅವಳಿಗೆ ಹೆದರಿಕೆ ಹತ್ತಿತ್ತು.

ಮೂರನೇ ವಾರದ ಗುರುವಾರ ರಸ್ತೆ ಕೆಲಸದ ದಿನ. ಅವತ್ತು ಊರಿನ ಗಂಡಸರೆಲ್ಲ ಗುದ್ದಲಿ ಹಿಡಿದು ಹೋಗಿ ದೊರೆಯ ಹೆದ್ದಾರಿಯ ಗುಂಡಿ ಮುಚ್ಚಬೇಕು. ಎರಡು ಮೈಲಿ ದೂರ, ವಾಪಸು ಬರುವುದು ಕತ್ತಲಾಗುವ ಹೊತ್ತಿಗೆ. ಸ್ಟ್ರಗ್ನೆಲ್ ತಾನು ಹೋಗದೆ ಗಾಡಿ ಮತ್ತು ಆಳುಗಳನ್ನೆಲ್ಲ ಕಳಿಸಿದ. ಎಲ್ಲ ಎಂದರೆ ದನ ಕಾಯುವವನನ್ನೂ ಸೇರಿಸಿ. ಊರಿನ ಬೇಲಿಗಳನ್ನೆಲ್ಲ ಕಟ್ಟಿಸಿದ ಮಹಾನುಭಾವ ತನ್ನದೊಂದನ್ನು ಮರೆತಿದ್ದ. ಮಧ್ಯಾಹ್ನದ ಹೊತ್ತಿಗೆ ಅವನ ಹನ್ನೆರಡು ಕರಾವಿನ ಹಸುಗಳು, ಕೊಯ್ಲಿಗೆ ಮುಂಚೆ ಯಾರೂ ಕಾಲಿಡಬಾರದ ಊರ ಹುಲ್ಲುಗಾವಲಿನಲ್ಲಿ ಹೊಟ್ಟೆ ಮುಳುಗುವಷ್ಟು ಹುಲ್ಲಿನ ನಡುವೆ ನಿಂತಿದ್ದವು.

ಥಾಮಸಿನ್ ಬೇಲಿಯ ಮೇಲಿಂದ ನೋಡಿದಳು. ಎಣಿಸಿದಳು. ಕಣ್ಣುಜ್ಜಿಕೊಂಡು ಮತ್ತೆ ಎಣಿಸಿದಳು. ಹನ್ನೆರಡು ಹಸುಗಳನ್ನು ಒಬ್ಬಳೇ ಹೊಡೆದುಕೊಂಡು ಹೋಗುವುದು ಆಗದ ಮಾತು. ಪರ್ನೆಲ್‌ಳನ್ನಾದರೂ ಕರೆಯೋಣವೆಂದು ಕೊಂಬು ಎತ್ತಿ ಊದಿದಳು.

ಹನ್ನೆರಡೂ ತಲೆ ಒಟ್ಟಿಗೆ ಎದ್ದವು. ಆ ಹಸುಗಳ ಕರುಗಳನ್ನು ಹದಿನೈದು ದಿನದ ಹಿಂದಷ್ಟೇ ತಾಯಿಯಿಂದ ಬಿಡಿಸಿದ್ದರು. ದೊಡ್ಡದೊಂದು ಹಸು ಹೂಂ ಎಂದು ಕೂಗಿ ನೇರ ಅವಳ ಕಡೆಗೆ ಓಡಿಬಂತು, ಹಿಂದೆ ಉಳಿದ ಹನ್ನೊಂದು. ಥಾಮಸಿನ್ ಲಂಗ ಎತ್ತಿ ಹಿಡಿದು ದೊಡ್ಡಿಯ ಕಡೆಗೆ ಓಟ ಕಿತ್ತಳು. ನಡುನಡುವೆ ಊದಿದಳು, ಊದಿ ಓಡಿದಳು. ದೊಡ್ಡಿಯ ಈ ಬಾಗಿಲಿಂದ ನುಗ್ಗಿ ಆ ಗೋಡೆ ಹತ್ತಿ ಹಾರಿದಳು. ಪರ್ನೆಲ್ ಬಂದು ಅಗುಳಿ ಹಾಕುವ ಹೊತ್ತಿಗೆ ಹನ್ನೆರಡು ಹಸುಗಳು ಒಳಗೆ ನಿಂತು ಕರು ಎಲ್ಲಿ ಎಂದು ಒಂದರ ಮುಖ ಒಂದು ನೋಡುತ್ತಿದ್ದವು.

ನಾಲ್ಕು ಗಂಟೆಗೆ ಹಸುಗಳು ಕೂಗಲು ಶುರುಮಾಡಿದವು. ಹಾಲು ಕರೆಯುವ ಹೊತ್ತಾಗಿತ್ತು, ಕೆಚ್ಚಲು ಬಿಗಿದಿತ್ತು. ಕೂಡಿಹಾಕಿದ ಹಸುವಿನ ಹಾಲು ಕರೆಯುವುದು ಕಳ್ಳತನ, ಅದಂತೂ ಕಟ್ಟುನಿಟ್ಟು. ಯಜಮಾನ ಎಂಥವನಾದರೂ ಹಸುಗಳು ಏನು ತಪ್ಪು ಮಾಡಿದ್ದವು?

ಮೊದಲು ಬಂದವಳು ಜುಡಿತ್ ಸ್ಟ್ರಗ್ನೆಲ್, ಅವನ ಹೆಂಡತಿ. ಆ ಮನೆಯ ಚೀಸೆಲ್ಲ ಅವಳ ಕೈಯದು. ಪೇಟೆಯಲ್ಲಿ ಅದಕ್ಕೆ ಹೆಸರಿತ್ತು. ಎರಡು ತಂಬಿಗೆ ಹಿಡಿದುಕೊಂಡೇ ಬಂದಿದ್ದಳು.

"ಕಾವಲುಗಾರ್ತಿ, ನನ್ನ ಹಸು ಕೊಡಮ್ಮ! ಸ್ಟ್ರಗ್ನೆಲ್ ಮನೆ! ಎಲ್ಲಾ ಹೇಳ್ದೆ, ತೆಗಿ ಬೇಗ!"

"ನೀವು ಹೇಳಿದ್ದು ಕೇಳಿಸ್ತು ತಾಯಿ," ಎಂದಳು ಥಾಮಸಿನ್ ಒಳಗಿಂದ. "ಆದ್ರೆ ಹೆಂಗಸಿನ ಮಾತು ಮಾತೇ ಅಲ್ಲ, ಕೇಳೋನು ಗಂಡಸಾಗಿರ್ಬೇಕು ಅಂತ ನಿಮ್ಮ ಯಜಮಾನ್ರೇ ಕೋರ್ಟಲ್ಲಿ ಹೇಳಿ ಒಪ್ಪಿಸಿದ್ದಾರೆ. ನಾನು ಕಾನೂನು ಮುರಿಯೋಕಾಗುತ್ತಾ?"

ಜುಡಿತ್ ಪರ್ನೆಲ್ ಕಡೆ ತಿರುಗಿದಳು. "ಹಾಗಂದ್ರಾ?"

"ಅಂದ್ರು," ಎಂದಳು ಪರ್ನೆಲ್. "ಹೆಂಗಸು ಹೇಳಿದ್ದು ಹೇಳಿದ ಹಾಗಲ್ಲವಂತೆ."

"ಇಪ್ಪತ್ತು ವರ್ಷದಿಂದ ನಾನು ಹೇಳಿದ್ದೇ ತಿಂದು, ನಾನು ಹೇಳಿದ್ದೇ ಉಟ್ಟು..." ಜುಡಿತ್ ತಂಬಿಗೆಗಳನ್ನು ಅಲ್ಲೇ ಇಟ್ಟು ಮನೆ ಕಡೆ ಹೊರಟಳು. ಆ ನಡಿಗೆ ನೋಡಿ ಪರ್ನೆಲ್ ಶಿಲುಬೆ ಗುರುತು ಹಾಕಿಕೊಳ್ಳಲು ಹೋಗಿ, ಆ ಹಳೆಯ ಮತದ ಪದ್ಧತಿ ಈಗ ನಿಷೇಧ ಎಂದು ನೆನಪಾಗಿ ಮೂಗು ಕೆರೆದುಕೊಂಡಳು.

ಸ್ವಲ್ಪ ಹೊತ್ತಿಗೆ ಸ್ಟ್ರಗ್ನೆಲ್ ಬಂದ. ನೆರಿಗೆ ಪಟ್ಟಿ ಒಂದು ಪಕ್ಕಕ್ಕೆ ಜಾರಿತ್ತು, ಒಂದು ಕಿವಿ ಕೆಂಪಾಗಿತ್ತು. ಹಿಂದೆ ಜುಡಿತ್. ಬಾಗಿಲ ಮುಂದೆ ನಿಂತು ರಸ್ತೆಯ ಆ ಕಡೆ ನೋಡಿದ, ಈ ಕಡೆ ನೋಡಿದ. ಆಮೇಲೆ ಅವನ ಮುಖದಲ್ಲಿ ಸಣ್ಣಗೆ ಒಂದು ನಗು ಮೂಡಿತು. ಥಾಮಸಿನ್‌ಗೆ ಆ ನಗು ಆಗ ಅರ್ಥವಾಗಲಿಲ್ಲ.

"ಕಾವಲುಗಾರ್ತಿ," ಎಂದ ಸ್ಪಷ್ಟವಾಗಿ, "ನನ್ನ ದನ ಕೊಡಿ."

"ಯಾವ ಮನೆ?"

"ಸ್ಟ್ರಗ್ನೆಲ್ ಮನೆ. ಸಾಲಿನ ನಾಲ್ಕನೇದು."

"ಕೇಳಿಸ್ತು!" ಎಂದಳು ಪರ್ನೆಲ್. "ಕೇಳಿಸ್ತು," ಎಂದಳು ಜುಡಿತ್.

ಥಾಮಸಿನ್ ಅಗುಳಿ ತೆಗೆದಳು. ಗೆದ್ದೆ ಎಂದುಕೊಂಡಳು. ಹಸುಗಳು ಒಂದೊಂದಾಗಿ ಹೊರಬಿದ್ದವು. ಕೊನೆಯ ಹಸುವಿನ ಬೆನ್ನು ತಟ್ಟಿ ಸ್ಟ್ರಗ್ನೆಲ್ ತಿರುಗಿದ.

"ಕೇಳಿಸಿಕೊಂಡೋರು ಯಾರು ಬ್ಲಿಕ್ಕಮ್ಮ? ಎಣಿಸಿ ನೋಡು. ಒಬ್ಬಳು ಬಿಯರ್ ಮಾರೋಳು, ಒಬ್ಬಳು ನನ್ನ ಹೆಂಡ್ತಿ, ಇನ್ನೊಬ್ಬಳು ನೀನು. ಊರಿನ ಗಂಡಸರೆಲ್ಲ ಹೆದ್ದಾರೀಲಿ ಮಣ್ಣು ಹೊರ್ತಿದ್ದಾರೆ. ಸೋಮವಾರ ಕೋರ್ಟಲ್ಲಿ ಸಿಗೋಣ."

ಥಾಮಸಿನ್ ಖಾಲಿ ದೊಡ್ಡಿಯ ಗೋಡೆಗೆ ಒರಗಿ ಕುಳಿತಳು. ಅಳಬಾರದು ಎಂದುಕೊಂಡೇ ಅತ್ತಳು. ಬರೀ ಸೋತಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಗೆದ್ದದ್ದನ್ನು ಕಣ್ಣೆದುರಿಗೇ ಇಲ್ಲ ಎನಿಸಿಬಿಟ್ಟಿದ್ದ. ಅವನು ಹೇಳಿದ್ದು ನಿಜ, ಅವಳು ಕೇಳಿದ್ದೂ ನಿಜ, ಆದರೂ ಅದು ನಡೆದೇ ಇರಲಿಲ್ಲ. ಪರ್ನೆಲ್ ಒಂದು ಬಟ್ಟಲು ಬಿಯರ್ ತಂದುಕೊಟ್ಟು ಪಕ್ಕದಲ್ಲಿ ಕುಳಿತಳು.

ಶನಿವಾರ ಬೆಳಗ್ಗೆ ಹಾಲು ಕರೆಯುತ್ತಾ ಕುಳಿತಿದ್ದಾಗ ಥಾಮಸಿನ್‌ಗೆ ಸ್ಟ್ರಗ್ನೆಲ್‌ನ ಚಟ ನೆನಪಾಯಿತು. ಕೆಲವರಿಗೆ ಕುಡಿತ, ಕೆಲವರಿಗೆ ಇಸ್ಪೀಟು, ಅವನಿಗೆ ದೂರು. ಪ್ರತಿ ಕೋರ್ಟಿಗೂ ಉದ್ದದ ಪಟ್ಟಿ ತರುತ್ತಿದ್ದ. ಪಕ್ಕದ ಮನೆಯ ಬಾತುಕೋಳಿ ತನ್ನ ಹಳ್ಳದ ನೀರು ಕುಡಿಯಿತೆಂದು ದೂರು ಕೊಟ್ಟಿದ್ದ. ಪಾದ್ರಿಯ ನಾಯಿ ತನ್ನನ್ನು ನೋಡಿ ಅಗೌರವದಿಂದ ಬೊಗಳಿತೆಂದು ಕೊಟ್ಟಿದ್ದ. ಎದುರಾಳಿಗೆ ಒಂದು ಕಾಸು ಹೆಚ್ಚು ದಂಡ ಬೀಳುತ್ತದೆಂದರೆ ಅವತ್ತು ಊಟ ಬಿಟ್ಟಾದರೂ ನಿಂತು ವಾದಿಸುವನು. ಮತ್ತು ದಂಡದ ವಿಷಯದಲ್ಲಿ ಒಂದು ಹಳೆಯ ಕಟ್ಟಳೆ ಇತ್ತು. ಬೇರೆಯವರ ಪೈರಿನಲ್ಲಿ ದನ ಸಿಕ್ಕಿದರೆ ನಾಲ್ಕು ಪೆನ್ನಿ. ಆ ದನ ಕಾವಲಿನವರದೇ ಆಗಿದ್ದರೆ ಎರಡರಷ್ಟು.

ಅವಳು ತಂಬಿಗೆ ಕೆಳಗಿಟ್ಟು ಹಸುವಿನ ಮುಖ ನೋಡಿದಳು. "ಡ್ಯಾಮ್ಸನ್, ಇವತ್ತು ಕಳ್ಳತನಕ್ಕೆ ಹೋಗೋಣ ಬಾ," ಎಂದಳು.

ಡ್ಯಾಮ್ಸನ್ ಹುಟ್ಟಾ ಕಳ್ಳಿ. ಇಡೀ ಊರಿನಲ್ಲಿ ಅವಳು ಮುರಿಯದ ಬೇಲಿ ಇರಲಿಲ್ಲ. ಅಂಥವಳು, ಯಜಮಾನಿಯೇ ಸ್ಟ್ರಗ್ನೆಲ್‌ನ ಬಾರ್ಲಿ ಹೊಲದ ಗೇಟು ತೆರೆದು ಹೋಗು ಎಂದರೆ, ಒಂದು ಹೆಜ್ಜೆ ಮುಂದಿಡಲಿಲ್ಲ. ಸನ್ಯಾಸಿನಿಯ ಹಾಗೆ ನಿಂತಳು. ಥಾಮಸಿನ್ ಹಿಂದಿನಿಂದ ತಳ್ಳಿದಳು, ಮುಂದಿನಿಂದ ಎಳೆದಳು, ಕೊನೆಗೆ ತಾನೇ ಒಳಗೆ ಹೋಗಿ ಒಂದು ಹಿಡಿ ಹಸಿರು ಬಾರ್ಲಿ ಕಿತ್ತು ಮೂಗಿಗೆ ಹಿಡಿದಳು. ಆಗ ಡ್ಯಾಮ್ಸನ್‌ಗೆ ತನ್ನ ಕಸುಬು ನೆನಪಾಯಿತು.

ಹೊಲದ ಆ ತುದಿಯಲ್ಲಿ ಸ್ಟ್ರಗ್ನೆಲ್ ನಿಂತಿದ್ದ. ಕೂಗಲಿಲ್ಲ, ಓಡಿಬರಲಿಲ್ಲ. ಜೇಬಿನಿಂದ ಕಾಗದ ತೆಗೆದು ಬರೆದುಕೊಂಡ.

ಸೋಮವಾರ ಚಾವಡಿ ಕಿಕ್ಕಿರಿದಿತ್ತು. ಕಾವಲಿನ ತೀರ್ಮಾನ ಕೊನೆಗೆ, ಮೊದಲು ದೂರುಗಳು. ಸ್ಟ್ರಗ್ನೆಲ್ ಹದಿನಾರು ದೂರು ಓದಿದ. ಹೆಂಗಸರು ಹಿಂದೆ ನಿಂತು ಹೆಣಿಗೆ ಹೆಣೆದರು. ಹಂಫ್ರಿ ಅಜ್ಜ ಗೊರಕೆ ಹೊಡೆದ. ಥಾಮಸಿನ್ ಮಾತ್ರ ಒಂದೊಂದನ್ನೂ ಎಣಿಸುತ್ತಾ ನಿಂತಿದ್ದಳು.

"ಹದಿನೇಳು," ಎಂದ ಸ್ಟ್ರಗ್ನೆಲ್. "ಈ ಊರಿನ ವಿಧವೆ ಥಾಮಸಿನ್ ಬ್ಲಿಕ್‌ಳ ಹಸು, ಶನಿವಾರ ಬೆಳಗ್ಗೆ, ನನ್ನ ಬಾರ್ಲಿ ಹೊಲದಲ್ಲಿ."

ವಿಧವೆ. ಬರೀ ವಿಧವೆ. ಹಸುವೂ ಹೋಯಿತು, ದಂಡವೂ ಮೈಮೇಲೆ ಬಂತು ಎಂದುಕೊಂಡಳು ಥಾಮಸಿನ್. ಫುಲ್ಜೇಮ್ಸ್ ತಲೆ ಎತ್ತದೆ ಬರೆದುಕೊಂಡ.

"ಒಪ್ತೀಯಾ ತಾಯಿ?"

"ಒಪ್ತೀನಿ ಸ್ವಾಮಿ."

"ನಾಲ್ಕು ಪೆನ್ನಿ. ಮುಂದೆ."

"ನಾಲ್ಕೇನಾ?" ಎಂದ ಸ್ಟ್ರಗ್ನೆಲ್.

"ದನಕ್ಕೆ ನಾಲ್ಕು. ಕಟ್ಟಳೆ."

ಸ್ಟ್ರಗ್ನೆಲ್ ಹದಿನೆಂಟನೇ ದೂರಿಗೆ ಬೆರಳಿಟ್ಟ. ಬೆರಳು ಅಲ್ಲೇ ನಿಂತಿತು. ಮನಸ್ಸು ನಾಲ್ಕು ಪೆನ್ನಿ ಬಿಟ್ಟು ಮುಂದಕ್ಕೆ ಹೋಗಲೊಲ್ಲದು. ಅಷ್ಟು ಚೆಂದದ ದೂರು, ಕಣ್ಣಾರೆ ಕಂಡದ್ದು, ಬರೀ ನಾಲ್ಕು ಪೆನ್ನಿಗೆ ಹೋಯಿತಲ್ಲ ಎಂಬ ಸಂಕಟ ಅವನ ಮುಖದ ಮೇಲೆ ನಿಚ್ಚಳವಾಗಿ ಓಡಾಡಿತು.

"ಸ್ವಾಮಿ, ತನ್ನ ಹಸು ಬಾರ್ಲಿ ತಿನ್ನೋದನ್ನ ಅವಳು ಕಣ್ಣಾರೆ ನೋಡ್ತಾ ನಿಂತಿದ್ಲು. ದೊಡ್ಡಿಗೆ ಹೊಡೀಲಿಲ್ಲ!"

"ಅದಕ್ಕೆ?"

"ಅದಕ್ಕೆ ಎರಡರಷ್ಟು ಬೀಳ್ಬೇಕು! ಎಂಟು ಪೆನ್ನಿ!"

ಫುಲ್ಜೇಮ್ಸ್ ಬರೆಯುವ ಗರಿ ಕೆಳಗಿಟ್ಟ. "ಎರಡರಷ್ಟು ಬೀಳೋದು ಯಾರಿಗೆ ಅಂತ ಗೊತ್ತಲ್ಲ?"

"ಗೊತ್ತಿಲ್ದೆ ಏನು! ಕೊರಳಲ್ಲಿ ಕೊಂಬಿದೆ, ಕೆಲಸ ಮಾಡೋ ಯೋಗ್ಯತೆ ಇಲ್ಲ. ಊರ ಕಾವಲುಗಾರ್ತಿಯಾಗಿ ತನ್ನ ದನಾನೇ ಬೇಕಂತ ಬಿಟ್ಟಿದ್ದಾಳೆ. ಬರ್ಕೊಳ್ಳಿ ಸ್ವಾಮಿ, ಕರ್ತವ್ಯಲೋಪ!"

ಹೆಣಿಗೆಯ ಸದ್ದು ನಿಂತಿತು. ಹಂಫ್ರಿ ಅಜ್ಜನ ಗೊರಕೆಯೂ ನಿಂತಿತು.

"ಇನ್ನೊಂದು ಸಲ ಹೇಳಿ, ನಿಧಾನವಾಗಿ," ಎಂದ ಫುಲ್ಜೇಮ್ಸ್. "ಬರೀಬೇಕಲ್ಲ."

"ಥಾಮಸಿನ್ ಬ್ಲಿಕ್, ಈ ಊರಿನ ಕಾವಲುಗಾರ್..." ಎನ್ನುತ್ತಿದ್ದ ಸ್ಟ್ರಗ್ನೆಲ್‌ನ ಬಾಯಿ ಹಾಗೇ ತೆರೆದುಕೊಂಡು ನಿಂತಿತು. ದೂರಿನ ಪಟ್ಟಿ ಕೈಯಿಂದ ಜಾರಿತು.

"ಕೇಳಿಸ್ತು!" ಎಂದ ಹಂಫ್ರಿ ಅಜ್ಜ, ಬಲಗಣ್ಣು ಮಿಟುಕಿಸಿ.

"ಕೇಳಿಸ್ತು," ಎಂದ ಗಿರಣಿಯವನು. ಆಮೇಲೆ ಯಾರು ಹೇಳಿದರು, ಯಾರು ಹೇಳಲಿಲ್ಲ ಎನ್ನುವುದೇ ತಿಳಿಯಲಿಲ್ಲ. ಮೂರು ವಾರ ಬೇಲಿ ಕಟ್ಟಿ ಕಟ್ಟಿ ಬೆನ್ನು ಮುರಿದುಕೊಂಡಿದ್ದ ಗಂಡಸರ ಗಂಟಲಿಂದ ಅದು ಒಟ್ಟಿಗೆ ಹೊರಬಿತ್ತು.

"ನಾನು ಹೇಳಿದ್ದು ಹಾಗಲ್ಲ..." ಎಂದ ಸ್ಟ್ರಗ್ನೆಲ್.

"ಗಂಡಸು ಹೇಳಿದ್ದು ಹೇಳಿದ ಹಾಗೇ ಅಂತೆ," ಎಂದಳು ಹಿಂದಿನಿಂದ ಅವನ ಹೆಂಡತಿ.

ಫುಲ್ಜೇಮ್ಸ್ ಓದಿಕೊಳ್ಳುತ್ತಾ ಬರೆದ. ಹನ್ನೊಂದನೇ ಮನೆ ಸರದಿ ಮಾಡುತ್ತಿದೆ. ಕಾವಲುಗಾರ್ತಿಗೆ ಎಂಟು ಪೆನ್ನಿ ದಂಡ. ಹಸು ದೊಡ್ಡಿಗೆ. ಎಂಟು ಪೆನ್ನಿ ಎಂದರೆ ಎಷ್ಟು ಬೆಣ್ಣೆ ಎಂದು ಥಾಮಸಿನ್ ಲೆಕ್ಕ ಹಾಕಲು ಹೋಗಲಿಲ್ಲ. ನಗುತ್ತಾ ಎಣಿಸಿ ಮೇಜಿನ ಮೇಲಿಟ್ಟಳು.

ಹಸುವನ್ನು ದೊಡ್ಡಿಗೆ ಕೂಡುವುದೂ ಅವಳ ಕೆಲಸವೇ. ಕೂಡಿದಳು. ಇನ್ನು ಬಿಡಿಸಿಕೊಳ್ಳಬೇಕು. ಅಷ್ಟರಲ್ಲಿ ಇಡೀ ಕೋರ್ಟು ಎದ್ದು ದೊಡ್ಡಿಯ ಹತ್ತಿರ ಬಂದಿತ್ತು, ಫುಲ್ಜೇಮ್ಸ್ ಕೂಡ ಕೋಲೂರಿಕೊಂಡು ಬಂದಿದ್ದ. ಸ್ಟ್ರಗ್ನೆಲ್‌ಗೆ ಇನ್ನೂ ಬುದ್ಧಿ ಬಂದಿರಲಿಲ್ಲ.

"ಹೆಂಗಸು ಕೇಳೋ ಹಾಗಿಲ್ಲ!" ಎಂದ.

"ತಪ್ಪು ಮಾಡೋಕೆ ಬರೋ ಹೆಂಗಸಿಗೆ ಕೇಳೋಕೂ ಬರುತ್ತೆ," ಎಂದ ಫುಲ್ಜೇಮ್ಸ್. "ಎಂಟು ಪೆನ್ನಿ ಇಸ್ಕೊಂಡಾಗಿದೆ. ಕೇಳು ತಾಯಿ."

ಥಾಮಸಿನ್ ಬಾಗಿಲ ಹೊರಗೆ ನಿಂತಳು. "ಕಾವಲುಗಾರ್ತಿ, ನನ್ನ ಹಸು ಕೊಡಮ್ಮ," ಎಂದಳು. ಜನ ಆಗಲೇ ನಗುತ್ತಿದ್ದರು. ಅವಳು ಗೋಡೆ ಹತ್ತಿ ಒಳಕ್ಕೆ ಇಳಿದಳು, ಕೊಂಬು ಸರಿಮಾಡಿಕೊಂಡಳು, ಗಂಭೀರವಾಗಿ ಬಾಗಿಲ ಕಡೆ ನೋಡಿ, "ಯಾವ ಮನೆ?" ಎಂದಳು. ಪರ್ನೆಲ್ ನಕ್ಕು ನಕ್ಕು ಜುಡಿತ್‌ಳ ಹೆಗಲಿಗೆ ಒರಗಿದ್ದಳು.

ಥಾಮಸಿನ್ ಮತ್ತೆ ಗೋಡೆ ಹತ್ತಿ ಹೊರಗೆ ಬಂದಳು. ಬಾಗಿಲ ಕಂಬಿ ಹಿಡಿದು ನಿಂತಳು. ಉತ್ತರ ಹೇಳಬೇಕು. ರೇಫ್‌ನ ಅಪ್ಪ ಇದೇ ಕಂಬಿ ಹಿಡಿದು ಹೇಳಿದ್ದ, ರೇಫ್ ಹೇಳಿದ್ದ. ಅವಳು ಈ ಊರಿಗೆ ಮದುವೆಯಾಗಿ ಬಂದು ಇಪ್ಪತ್ತಾರು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ನಗು ಒಂದೊಂದಾಗಿ ನಿಂತುಹೋಯಿತು.

"ಬ್ಲಿಕ್ ಮನೆ," ಎಂದಳು. "ಸಾಲಿನ ಹನ್ನೊಂದನೇದು."

ಹಂಫ್ರಿ ಅಜ್ಜ ಟೋಪಿ ತೆಗೆದ. ಆದರೆ ಅವನಿಗಿಂತ ಮೊದಲು ಬಾಯಿಬಿಟ್ಟವಳು ಜುಡಿತ್.

"ಕೇಳಿಸ್ತು," ಎಂದಳು. ಪರ್ನೆಲ್ ಕಣ್ಣೊರೆಸಿಕೊಂಡು, "ಕೇಳಿಸ್ತು," ಎಂದಳು. ಇಬ್ಬರೂ ಫುಲ್ಜೇಮ್ಸ್‌ನ ಮುಖ ನೋಡಿದರು.

"ಇಬ್ಬರಾಯ್ತು," ಎಂದ ಫುಲ್ಜೇಮ್ಸ್. "ಅಗುಳಿ ತೆಗಿ."